ಕೋವಿಯ ಆಕಾರದ ತೂತು

ಕೋಟಿನ ಎಡ ತೋಳಿನ ತಿರುವಿಗೆ ಕತ್ತರಿ ಬರುವ ಹೊತ್ತಿಗೆ ಬಟ್ಟೆಯ ಕೆಳಗೆ ಮೇಜು ಇರಲಿಲ್ಲ.

ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡು, ಎಡ ಅಂಗೈಯಲ್ಲಿ ಕಡುನೀಲಿ ಉಣ್ಣೆಬಟ್ಟೆಯನ್ನು ಒತ್ತಿ ಹಿಡಿದು, ಅವಳು ಸೀಮೆಸುಣ್ಣದ ಗೆರೆಯ ಮೇಲೆ ಕತ್ತರಿ ಓಡಿಸುತ್ತಿದ್ದಳು. ಕತ್ತರಿಯ ಕೆಳಗಿನ ಅಲಗು ಮೇಜನ್ನು ಸವರಿಕೊಂಡೇ ಬರಬೇಕು. ಇಪ್ಪತ್ತಾರು ವರ್ಷದಿಂದ ಹಾಗೆಯೇ ಬಂದಿತ್ತು. ಈಗ ಅದು ಮೆಟ್ಟಿಲು ತಪ್ಪಿದ ಮುದುಕನಂತೆ ದಡಕ್ಕನೆ ಇಳಿಯಿತು. ಬಟ್ಟೆ ಕುಸಿಯಿತು, ಗೆರೆ ವಕ್ರವಾಯಿತು, ಅಗ್ನಿಶಾಮಕ ದಳದ ಬ್ಯಾಂಡಿನಲ್ಲಿ ಡೋಲು ಬಾರಿಸುವವನ ಎಡ ತೋಳು ಮೊಣಕೈಯಿಂದ ಕೆಳಗೆ ಬೇರೆಯಾಗಿ ನೆಲಕ್ಕೆ ಬಿತ್ತು.

ಅವಳು ಸೂಜಿಗಳನ್ನು ಬಾಯಿಂದ ತೆಗೆದಳು. ಮುಂದೆ ಆಡಲಿರುವ ಮಾತಿಗೆ ಬಾಯಿ ಖಾಲಿ ಇರುವುದು ಒಳ್ಳೆಯದೆಂದು ಅವಳಿಗೆ ಆಗಲೇ ತೋರಿರಬೇಕು.

ಬೆಳಗ್ಗೆಯಷ್ಟೇ ಅವಳು ಗಂಡನನ್ನು ಮನಸ್ಸಿನಲ್ಲೇ ಮೆಚ್ಚಿಕೊಂಡಿದ್ದಳು. ಬ್ಯಾಂಡಿನವರ ಹಿತ್ತಾಳೆ ಗುಂಡಿ, ಅಂಚುಪಟ್ಟಿ ತರಲು ತಾನು ಎರಡು ದಿನ ಬೇರೆ ಊರಿಗೆ ಹೋಗಿ ಬಂದರೆ, ಬಟ್ಟೆಯ ಥಾನು ಬಿಚ್ಚಿ ಮೇಜಿನ ಮೇಲೆ ಸುಕ್ಕಿಲ್ಲದಂತೆ ಹಾಸಿತ್ತು. 'ಪರವಾಗಿಲ್ಲ, ಇಷ್ಟು ವರ್ಷಕ್ಕಾದರೂ ಹೆಂಡತಿಯ ಕೆಲಸಕ್ಕೆ ಕೈ ಹಚ್ಚಿದರಲ್ಲ' ಎಂದುಕೊಂಡಿದ್ದಳು. ಕೈ ಹಚ್ಚಿದ್ದೇನೋ ನಿಜ.

ಬಟ್ಟೆ ಸರಿಸಿದಳು. ಮೇಜಿನ ನಟ್ಟನಡುವೆ ಒಂದು ತೂತು. ತೂತೆಂದರೆ ಇಲಿ ಕಡಿದದ್ದಲ್ಲ, ಗೆದ್ದಲು ತಿಂದದ್ದಲ್ಲ. ಹಿಂಭಾಗ ಅಗಲ, ನಡುವೆ ಸಣ್ಣ ಕುತ್ತಿಗೆ, ಮುಂದೆ ಉದ್ದಕ್ಕೆ ಒಂದು ಬಾಲ. ಕಣ್ಣಿದ್ದ ಯಾರಿಗಾದರೂ ಅದು ಕೋವಿಯ ಆಕಾರವೆಂದು ಗೊತ್ತಾಗುತ್ತಿತ್ತು. ತೂತಿನೊಳಗಿಂದ ಅವಳ ಕತ್ತರಿ ನೆಲದ ಮೇಲೆ ಕಾಲು ಅಗಲಿಸಿ ಬಿದ್ದಿರುವುದು ಕಾಣುತ್ತಿತ್ತು.

"ರೀ!"

ಆ 'ರೀ'ಗೆ ಮಹಡಿಯ ಮೇಲಿನ ಮನೆಯಲ್ಲಿ ಒಂದು ಪಾತ್ರೆ ಬಿದ್ದ ಸದ್ದಾಯಿತು.

ಗಂಡ ನೀರಿನ ಕಚೇರಿಯಲ್ಲಿ ಮೀಟರು ಓದುವ ಕೆಲಸದವನು. ದಿನವೂ ನಲವತ್ತು ಮನೆಯ ಗೇಟಿನ ಬಳಿ ಬಗ್ಗಿ ಅಂಕಿ ಓದುವವನಿಗೆ ಎಂದಾದರೂ ಒಂದು ದಿನ ನೆಟ್ಟಗೆ ನಿಲ್ಲಬೇಕೆಂಬ ಆಸೆ ಹುಟ್ಟುವುದು ತಪ್ಪಲ್ಲ. ಅದು ಹುಟ್ಟಿದ್ದು ಶೂಟಿಂಗ್ ಕ್ಲಬ್ಬಿನ ಅಧ್ಯಕ್ಷರ ಮನೆಯಲ್ಲಿ. ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ್ದ ಬಂದೂಕುಗಳನ್ನು ನೋಡಿ, "ನಮ್ಮನೇಲೂ ಒಂದಿದೆ ಸಾರ್, ನೂರು ವರ್ಷದ್ದು, ಒಂದೇ ಗುಂಡಿನದು. ಅದನ್ನ ನಾನೇ ಕೈಯಾರೆ ಕಸ್ಟಮ್ ಸ್ಪೋರ್ಟಿಂಗ್ ರೈಫಲ್ ಮಾಡ್ತಾ ಇದೀನಿ" ಎಂದುಬಿಟ್ಟಿದ್ದ. ಆ ಗಳಿಗೆಯಲ್ಲಿ ಆ ರೈಫಲ್ಲು ಅಟ್ಟದ ಮೇಲೆ ಮುರಿದ ಛತ್ರಿಗಳ ನಡುವೆ ಮಲಗಿತ್ತು. ಸೋದರಮಾವ ಬಿಟ್ಟುಹೋದ ಆ ಕೋವಿ ಲೈಸೆನ್ಸು ಹೊಸದು ಮಾಡಿಸುವಾಗ ಮಾತ್ರ ಕೆಳಗೆ ಬರುತ್ತಿತ್ತು. ಅಧ್ಯಕ್ಷರು ಮೀಸೆ ನೀವಿ, "ಭೇಷ್! ಕ್ಲಬ್ಬಿನ ವಾರ್ಷಿಕ ದಿನಕ್ಕೆ ತೊಗೊಂಡ್ಬನ್ನಿ" ಎಂದರು. ಆಡಿದ ಮಾತು, ಒಡೆದ ಮುತ್ತು. ಕಬ್ಬಿಣದ ಕೆಲಸವನ್ನೆಲ್ಲ ಕೋವಿ ರಿಪೇರಿಯವನು ಮಾಡಿದ: ನಳಿಗೆ ಕುಗ್ಗಿಸಿದ, ತುಕ್ಕು ತೆಗೆದು ನೀಲಿ ಬಣ್ಣ ಏರಿಸಿದ, ಗುರಿಯ ಮುಳ್ಳು ಬದಲಿಸಿದ. ಭುಜಕ್ಕೆ ಆನಿಸುವ ಹಳೆಯ ಹಿಡಿಮರ ಮಾತ್ರ ಹುಳು ತಿಂದಿತ್ತು. "ಒಣಗಿದ ಅಕ್ರೋಟು ಮರ ತನ್ನಿ, ದಪ್ಪ ಹಲಗೆ, ಎಳೆ ನೆಟ್ಟಗಿರಬೇಕು" ಎಂದ.

ಊರಲ್ಲಿ ಅಂಥ ಹಲಗೆ ಒಂದೇ ಇತ್ತು. ಅದಕ್ಕೆ ನಾಲ್ಕು ಕಾಲಿದ್ದವು. ಅವಳಿಗೆ ಹೊಲಿಗೆ ಕಲಿಸಿದ ಮುದುಕಿ ಸಾಯುವ ಮುಂಚೆ, "ಮೆಷಿನ್ನು ಯಾರಾದ್ರೂ ತೊಗೊಳ್ಳಿ, ಮೇಜು ಇವಳಿಗೆ" ಎಂದು ಕೊಟ್ಟ ಮೇಜು ಅದು.

"ನಡುವೆ ಯಾಕೆ ಕೊಯ್ದ್ರಿ?" ಎಂದು ಅವಳು ಕೇಳಿದಳು. ಕೇಳಬೇಕಾದ ಪ್ರಶ್ನೆಗಳು ನೂರಿದ್ದವು. ಮೊದಲು ಬಂದದ್ದು ಇದು.

"ಅಂಚಲ್ಲಿ ಗಂಟಿತ್ತು ಕಣೇ. ಎಳೆ ಚೆನ್ನಾಗಿರೋದು ನಡುವೇನೇ. ನೋಡು, ಸುತ್ತಲೂ ಎಷ್ಟು ಜಾಗ ಬಿಟ್ಟಿದೀನಿ!"

"ಸುತ್ತಲೂ ಇಟ್ಕೊಂಡು ನಾನೇನು ಮಾಡ್ಲಿ? ಬಟ್ಟೆ ನಡುವೆ ಕತ್ತರಿಸ್ತಾರೆ ರೀ!"

"ಒಂದು ರಟ್ಟು ಮುಚ್ಚಿದ್ರಾಯ್ತಪ್ಪ."

ಅವನು ಕಳೆದ ವರ್ಷದ ಕ್ಯಾಲೆಂಡರಿನ ರಟ್ಟು ತಂದು ಮುಚ್ಚಿಯೂ ಮುಚ್ಚಿದ. ಮೇಲೆ ಬೆರಳಿಟ್ಟು ಒತ್ತಿ ತೋರಿಸಿದ. ಮೇಜು ನಡು ಬಗ್ಗಿಸಿ ಕಿರ್ರೆಂದಿತು. ಹಲಗೆಯ ಜೊತೆಗೆ ಕೆಳಗಿನ ಅಡ್ಡಪಟ್ಟಿಯನ್ನೂ ಗರಗಸ ಮುಗಿಸಿತ್ತು.

"ಇನ್ನು ಮೂರು ವಾರಕ್ಕೆ ಹತ್ತೊಂಬತ್ತು ಕೋಟು ಕೊಡಬೇಕು ನಾನು. ಈ ಸಲ ತಪ್ಪಿದ್ರೆ ಮುಂದಿನ ಸಲದಿಂದ ರೆಡಿಮೇಡ್ ಕಂಪನಿಗೆ ಕೊಡ್ತೀವಿ ಅಂತ ಬ್ಯಾಂಡ್ ಮಾಸ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದಾರೆ. ಎಲ್ಲಿ ಕತ್ತರಿಸ್ಲಿ? ನಿಮ್ಮ ಬೆನ್ನ ಮೇಲಾ? ಬೆಂಕಿ ಬೀಳ್ಲಿ ಆ ಕೋವಿಗೆ!"

ಇಷ್ಟರಲ್ಲಿ 'ಕೋವಿ' ಎಂಬ ಒಂದು ಮಾತು ಮಾತ್ರ ಮೆಟ್ಟಿಲು ಹತ್ತಿ ಮಹಡಿಗೆ ಹೋಯಿತು. ಉಳಿದ ಮಾತುಗಳು ಕೆಳಗೇ ಉಳಿದವು.

ಮಹಡಿಯ ಟೀಚರು ನಿವೃತ್ತರಾಗಿ ಆರು ವರ್ಷವಾಗಿದ್ದರೂ ಮಕ್ಕಳನ್ನು ಸುಮ್ಮನಿರಿಸುವ ಚಟ ಬಿಟ್ಟಿರಲಿಲ್ಲ. ಗಂಡ ಕೆಲಸಕ್ಕೆ ಹೋದದ್ದೇ ತಡ, ಇಳಿದು ಬಂದು ಅವಳ ಕೈ ಹಿಡಿದುಕೊಂಡರು.

"ಹೆದರಬೇಡ. ಗಂಡಸರು ಮನೆಗೆ ಕೋವಿ ತಂದಾಗ ಹೆಂಗಸರಿಗೆ ಎದೆ ಹೊಡ್ಕೊಳ್ಳೋದು ಸಹಜ."

"ಕೋವಿಗೆ ಯಾರು ಹೆದರ್ತಾರೆ ಟೀಚರೇ? ನನ್ನ ಹೊಟ್ಟೆ ಉರೀತಿರೋದು ಮೇಜಿಗೆ."

"ಮೇಜಿನ ಮೇಲೆ ಇಟ್ಟಿದ್ದಾನಾ?"

"ಮೇಲಲ್ಲ. ಇಲ್ಲಿ ನೋಡಿ, ನಡುವೆ." ಅವಳು ರಟ್ಟು ತೆಗೆದು ತೋರಿಸಿದಳು. ಇದಕ್ಕಿಂತ ಸ್ಪಷ್ಟವಾಗಿ ಯಾರಿಗೂ ಏನನ್ನೂ ತೋರಿಸಲು ಸಾಧ್ಯವಿಲ್ಲವೆಂದು ಅವಳ ನಂಬಿಕೆ.

ಟೀಚರು ಕನ್ನಡಕ ಏರಿಸಿ ಆ ಆಕಾರವನ್ನು ನೋಡಿದರು. ಹಿಂಭಾಗ, ಕುತ್ತಿಗೆ, ಬಾಲ. ಮುಖ ಬಿಳಿಚಿತು.

"ಅಯ್ಯೋ, ಬಚ್ಚಿಡೋಕೆ ಜಾಗ ಕೊರೆದಿದಾನೆ! ಮೇಲೆ ಬಟ್ಟೆ ಹಾಸಿಬಿಟ್ರೆ ಯಾರಿಗೂ ಗೊತ್ತಾಗಲ್ಲ!"

"ಬಚ್ಚಿಡೋಕಲ್ಲ ಟೀಚರೇ, ಇಲ್ಲಿಂದ ಮರ ತೊಗೊಂಡು..."

"ನೀನು ಗಂಡನ್ನ ಬಿಟ್ಟುಕೊಡಬೇಡ, ನನಗೆ ಅರ್ಥ ಆಗುತ್ತೆ" ಎಂದು ಟೀಚರು ಅವಳ ಬಾಯಿಯ ಮೇಲೆ ಬೆರಳಿಟ್ಟರು. "ನಾನು ಯಾರಿಗೂ ಹೇಳಲ್ಲ."

ಸಂಜೆಯೊಳಗೆ ಬೀದಿಯ ಹದಿನೇಳು ಮನೆಗೂ ಗೊತ್ತಾಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಮೇಜಿನಲ್ಲಿ ಕೋವಿ ಎಂದರೆ ಬಿಡುತ್ತಾರೆಯೇ? ಕೊನೆಯ ಮನೆಗೆ ತಲುಪುವ ಹೊತ್ತಿಗೆ ಸುದ್ದಿಯಲ್ಲಿ ಮೂರು ಕೋವಿಗಳಿದ್ದವು. ಗಂಡನಿಗೆ 'ಶಿಕಾರಿ' ಎಂಬ ಹೆಸರು ಬಿತ್ತು. ಇಷ್ಟು ದಿನ ಮೀಟರಿನ ಅಂಕಿ ತಪ್ಪೆಂದು ಜಗಳಾಡುತ್ತಿದ್ದವರು ಮರುದಿನದಿಂದ, "ನೀವು ಬರ್ಕೊಂಡದ್ದೇ ಸರಿ ಇರುತ್ತೆ ಬಿಡಿ" ಎನ್ನತೊಡಗಿದರು. ಅವನು ಇದನ್ನು ಗೌರವವೆಂದು ತಿಳಿದು ನಡಿಗೆಯನ್ನೇ ಬದಲಾಯಿಸಿದ.

ಮೂರನೆಯ ದಿನ ನಾದಿನಿ ಬಂದಳು. ಅಷ್ಟರಲ್ಲಿ ಅವಳು ನೆಲದ ಮೇಲೆ ಚಾಪೆ ಹಾಸಿ ಮಂಡಿಯೂರಿ ಕತ್ತರಿಸುತ್ತಿದ್ದಳು. ದಿನಕ್ಕೆ ಎರಡು ಕೋಟು ಕತ್ತರಿಸುವ ಕೈಗೆ ಈಗ ಎರಡು ದಿನಕ್ಕೊಂದು. ಉಣ್ಣೆಬಟ್ಟೆಗೆ ನೆಲದ ಕಸವೆಲ್ಲ ಹತ್ತುತ್ತಿತ್ತು, ಸೊಂಟ ಸಂಜೆಗೆ ಕಲ್ಲಾಗುತ್ತಿತ್ತು.

ನಾದಿನಿ ಚಾಪೆಯ ಅಂಚಿನಲ್ಲಿ ಕುಳಿತು ಕಣ್ಣೊರೆಸಿಕೊಂಡಳು. "ಅತ್ತಿಗೆ, ನೀವು ನೆಲದಲ್ಲಿ ಅಡಗಿ ಕೂತಿರೋದು ನೋಡಿದ್ರೆ ಕರುಳು ಕಿತ್ತು ಬರುತ್ತೆ."

"ಅಡಗಿ ಕೂತಿಲ್ಲ. ಬಟ್ಟೆ ಕತ್ತರಿಸ್ತಿದೀನಿ."

"ನಮ್ಮಣ್ಣ ಅಂಥವನಲ್ಲ ಅತ್ತಿಗೆ. ಜಿರಳೆ ಕಂಡ್ರೆ ಕುರ್ಚಿ ಹತ್ತೋನು. ಅದೂ ಅಲ್ದೆ ಅದು ಒಂದೇ ಗುಂಡಿನ ಕೋವಿ. ಒಂದು ತಪ್ಪಿದ್ರೆ ಇನ್ನೊಂದು ತುಂಬೋಕೆ ಎಷ್ಟು ಹೊತ್ತು ಬೇಕು! ಅಷ್ಟರಲ್ಲಿ ನೀವು ಆರಾಮಾಗಿ ಬಸ್ ಸ್ಟ್ಯಾಂಡ್ ತಲುಪಬಹುದು."

"ನಿಮ್ಮಣ್ಣ ನನ್ನ ಮೇಜು ಕೊಯ್ದಿದಾರೆ. ನನಗೆ ಸಿಟ್ಟು ಬಂದಿದೆ. ಹೆದರಿಕೆ ಅಲ್ಲ, ಸಿಟ್ಟು. ಬರೆದು ಕೊಡ್ಲಾ?"

"ಹೆದರಿಕೆ ಜಾಸ್ತಿ ಆದಾಗ ಹೀಗೇ ಸಿಟ್ಟು ಬರುತ್ತಂತೆ" ಎಂದಳು ನಾದಿನಿ, ಇನ್ನಷ್ಟು ಮರುಕದಿಂದ. "ನಮ್ಮ ಅತ್ತೆಗೂ ಲಿಫ್ಟು ಕಂಡ್ರೆ ಹಾಗೇ."

ಅವಳು ಕತ್ತರಿ ಕೆಳಗಿಟ್ಟಳು. ಕೈಯಲ್ಲಿ ಇಟ್ಟುಕೊಂಡು ಮುಂದಿನ ಮಾತು ಕೇಳುವುದು ಯಾರಿಗೂ ಕ್ಷೇಮವಲ್ಲವೆಂದು ಇಟ್ಟದ್ದು. ನಾದಿನಿ ಅದನ್ನೂ ಕೈ ನಡುಗಿದ್ದೆಂದೇ ತಿಳಿದಳು.

ಐದನೆಯ ದಿನ ಇನ್ಸ್‌ಪೆಕ್ಟರು ಬಂದರು, ಜೊತೆಗೆ ಒಬ್ಬ ಪೇದೆ. ಯಾರೋ ಕಾಗದ ಬರೆದಿದ್ದರು. ಹೆಸರಿರಲಿಲ್ಲವಾದರೂ ಅಕ್ಷರ ದುಂಡಗಿದ್ದು, ಪ್ರತಿ ಸಾಲಿನ ಕೊನೆಗೂ ಪೂರ್ಣವಿರಾಮವಿತ್ತು. ಗಂಡನ ಲೈಸೆನ್ಸು ಸರಿಯಾಗಿತ್ತು, ಕೋವಿ ರಿಪೇರಿಯವನ ರಸೀದಿ ಸರಿಯಾಗಿತ್ತು. ಇನ್ಸ್‌ಪೆಕ್ಟರು ಕಾಗದಗಳನ್ನು ಮಡಿಸಿ, ತೂತಿನ ಸುತ್ತ ಮೂರು ಸುತ್ತು ಬಂದರು. ಪೇದೆ ಅದರೊಳಗೆ ತಲೆ ಹಾಕಿ ಕೆಳಗೆ ನೋಡಿದ.

"ಒಳಗೆ ಏನೂ ಇಲ್ಲ ಸಾರ್. ನೆಲ ಇದೆ."

"ಬರ್ಕೋ. ಮೇಜಿನಲ್ಲಿ ಕೋವಿಯ ಆಕಾರ ಇದೆ, ಕೋವಿ ಇಲ್ಲ."

ಅವಳಿಗೆ ಕೊನೆಗೂ ಸರ್ಕಾರವೇ ಮನೆಗೆ ಬಂದಿದೆ ಎನಿಸಿತು. "ಸಾರ್, ನಂದೊಂದು ದೂರಿದೆ. ನನ್ನ ಮೇಜು ಹೋಗಿದೆ. ಬರ್ಕೊಳ್ಳಿ."

"ಎಲ್ಲಿ ಹೋಗಿದೆ? ಇಲ್ಲೇ ಇದೆಯಲ್ಲಮ್ಮ."

"ಅದರ ನಡು ಹೋಗಿದೆ."

"ಹೋದ ವಸ್ತು ಏನು ಅಂತ ಬರೀಲಿ?"

"ನಡು."

ಇನ್ಸ್‌ಪೆಕ್ಟರು ಪೇದೆಯನ್ನು ನೋಡಿದರು, ಪೇದೆ ಚಾವಣಿ ನೋಡಿದ. "ನೋಡಮ್ಮ, ನಮ್ಮಲ್ಲಿ ಪೂರ್ತಿ ವಸ್ತುವಿಗೆ ಮಾತ್ರ ಕಾಲಂ ಇರೋದು. ನಿಜ ಹೇಳು. ಗಂಡ ಏನಾದ್ರೂ ಹೆದರಿಸ್ತಾನಾ? ಹೇಳು, ನಾವಿದೀವಿ."

"ಅಯ್ಯೋ, ಹೆದರಿಸೋಕೆ ಅವರಿಗೆ ಬರಲ್ಲ! ಕೊಯ್ಯೋಕೆ ಮಾತ್ರ ಬರುತ್ತೆ! ಇದರ ಮೇಲೆ ನಾನು ಕೆಲಸ ಮಾಡ್ತೀನಿ ಸಾರ್. ಇದು ನನ್ನ ಆಫೀಸು. ನಿಮ್ಮ ಠಾಣೆಯ ನಡುವೆ ಯಾರಾದ್ರೂ ಹೀಗೆ ಕೊರೆದ್ರೆ ಸುಮ್ಮನಿರ್ತೀರಾ?"

"ಆಯ್ತಮ್ಮ, ಆಯ್ತು, ಧೈರ್ಯವಾಗಿರು" ಎಂದು ಸಮಾಧಾನ ಹೇಳುತ್ತ ಇನ್ಸ್‌ಪೆಕ್ಟರು ಮೊಣಕೈಯನ್ನು ಮೇಜಿಗೆ ಊರಿದರು.

ಅಡ್ಡಪಟ್ಟಿ ಇಲ್ಲದ ಮೇಜು ಇದಕ್ಕಾಗಿಯೇ ಐದು ದಿನ ಕಾದಿದ್ದಂತೆ ಪುಸ್ತಕ ಮುಚ್ಚಿದ ಹಾಗೆ ಮಡಚಿಕೊಂಡಿತು. ಸರ್ಕಾರ ಅರ್ಧ ಒಳಗೆ, ಅರ್ಧ ಹೊರಗೆ. ಪೇದೆ ಎಳೆದು ತೆಗೆದ. ಮಹಡಿಯ ಕಿಟಕಿಯಿಂದ ಟೀಚರು, "ಹೊಡೆದೇಬಿಟ್ಟನಾ?" ಎಂದು ಕೂಗಿದರು.

ಟೋಪಿ ಸರಿಮಾಡಿಕೊಂಡು ಹೊರಡುವಾಗ ಇನ್ಸ್‌ಪೆಕ್ಟರು ಹೇಳಿದ್ದು ಒಂದೇ ಮಾತು: "ಇಂಥ ಮೇಜನ್ನೆಲ್ಲ ಮನೇಲಿ ಇಟ್ಕೋಬಾರದಮ್ಮ, ಅಪಾಯ."

ಅವಳು ಅರ್ಧರ್ಧ ಹಲಗೆಗಳನ್ನು ಗೋಡೆಗೆ ಒರಗಿಸಿ ಮತ್ತೆ ಮಂಡಿಯೂರಿದಳು. ಆ ಸಂಜೆ ಅವಳು ಹಾಕಿದ ಹೊಲಿಗೆಗಳು ಎಷ್ಟು ಬಿಗಿಯಾಗಿದ್ದವೆಂದರೆ ತುತ್ತೂರಿಯವನ ಕೋಟಿನ ಕಾಲರು ತಾನಾಗಿಯೇ ಎದ್ದು ನಿಂತಿತ್ತು.

ಕ್ಲಬ್ಬಿನ ವಾರ್ಷಿಕ ದಿನ ಬಂತು. ಹೋಗುವುದಿಲ್ಲವೆಂದು ಅವಳು ಕೂತಿದ್ದಳು. ಆದರೆ ನಾದಿನಿ, "ಕೋವಿ ಹಾರೋದನ್ನ ಕಣ್ಣಾರೆ ನೋಡಿದ್ರೆ ಹೆದರಿಕೆ ಬಿಟ್ಟುಹೋಗುತ್ತೆ ಅತ್ತಿಗೆ" ಎಂದು ಎಬ್ಬಿಸಿದಳು, ಟೀಚರು ಇನ್ನೊಂದು ತೋಳು ಹಿಡಿದರು. ಇಬ್ಬರ ನಡುವೆ ಅವಳನ್ನು ಆಸ್ಪತ್ರೆಗೆ ಕರೆದೊಯ್ಯುವಂತೆ ಕರೆದೊಯ್ದರು.

ಮೈದಾನದ ಅಂಚಿನಲ್ಲಿ ಹಸಿರು ಬಟ್ಟೆ ಹಾಸಿದ ಉದ್ದನೆಯ ಮೇಜು, ಅದರ ಮೇಲೆ ಕೋವಿ. ಅವಳು ಮೊದಲು ನೋಡಿದ್ದು ಮೇಜನ್ನು. ಎಷ್ಟು ಗಟ್ಟಿ, ಎಷ್ಟು ಅಗಲ, ಅದರ ಮೇಲೆ ಕೆಲಸಕ್ಕೆ ಬಾರದ್ದು ಎಷ್ಟು! ಆಮೇಲೆ ಕೋವಿಯನ್ನು ನೋಡಿದಳು. ನಳಿಗೆ ನವಿಲುಗರಿಯಂತೆ ಮಿರುಗುತ್ತಿತ್ತು. ಹಿಡಿಮರ ಎಣ್ಣೆ ಕುಡಿದು ಜೇನಿನ ಬಣ್ಣಕ್ಕೆ ತಿರುಗಿತ್ತು. ಚೆನ್ನಾಗಿತ್ತು. ಚೆನ್ನಾಗಿದೆಯೆಂದು ಅವಳಿಗೆ ಕಂಡದ್ದಕ್ಕೆ ಸಿಟ್ಟು ಇನ್ನೂ ಒಂದು ಗೇಣು ಏರಿತು.

ಅಧ್ಯಕ್ಷರು ಕೋವಿಯನ್ನು ಎತ್ತಿ ಬೆಳಕಿಗೆ ಹಿಡಿದರು. ಮೀಸೆ ಅಲುಗಿತು.

"ಬನ್ನಿ, ಬನ್ನಿ, ಎಲ್ಲರೂ ನೋಡಿ! ಈ ಚುಕ್ಕಿಗಳ ಸಾಲು ನೋಡಿದಿರಾ? ಈ ಬಳುಕು, ಈ ತಿರುವು! ಹಳೇ ಕಾಲದ ಕುಶಲಕರ್ಮಿಗಳ ಕೈಚಳಕ ಇದು. ಈಗ ಇದನ್ನ ಮಾಡೋರೇ ಇಲ್ಲ. ಬಳ್ಳಿಯ ವಿನ್ಯಾಸ ಇರಬೇಕು. ಏನಂತೀರಿ?"

ಗಂಡ ತಲೆ ಬಾಗಿಸಿ, "ಏನೋ ಸಾರ್, ಕೈಗೆ ಬಂದ ಹಾಗೆ" ಎಂದ.

ಅವಳು ಹತ್ತಿರ ಹೋಗಿ ನೋಡಿದಳು. ಬಟ್ಟೆಯ ಮೇಲೆ ಕಾಗದದ ಮಾದರಿಯಿಟ್ಟು ಗುರುತು ಇಳಿಸಲು ದರ್ಜಿಗಳು ಮುಳ್ಳುಮುಳ್ಳಿನ ಪುಟ್ಟ ಗಾಲಿಯೊಂದನ್ನು ಒತ್ತಿ ಓಡಿಸುತ್ತಾರೆ. ಇಪ್ಪತ್ತಾರು ವರ್ಷ ಅವಳು ಓಡಿಸಿದ ಗಾಲಿಯ ಮುಳ್ಳು ಬಟ್ಟೆ ದಾಟಿ ಮರಕ್ಕೆ ಇಳಿದಿತ್ತು. ರಿಪೇರಿಯವನು ಉಜ್ಜಿದರೂ ಆಳದ ಚುಕ್ಕಿಗಳು ಹೋಗಿರಲಿಲ್ಲ. ಎಣ್ಣೆ ಕುಡಿದು ಕಪ್ಪಾಗಿ ಎದ್ದು ಕಾಣುತ್ತಿದ್ದವು. ಅಧ್ಯಕ್ಷರ ಹೆಬ್ಬೆರಳು ಭಕ್ತಿಯಿಂದ ಸವರುತ್ತಿದ್ದ ಬಳ್ಳಿ, ಪ್ಯಾಂಟಿನ ಕೂರುವ ಭಾಗದ ತಿರುವು. ದೊಡ್ಡ ಸೈಜು.

"ಸಾರ್, ಅದು ಬಳ್ಳಿ ಅಲ್ಲ" ಎಂದಳು.

"ಹೆದರಬೇಡಿ ತಾಯಿ, ಇದರಲ್ಲಿ ಈಗ ಗುಂಡಿಲ್ಲ" ಎಂದರು ಅಧ್ಯಕ್ಷರು, ಎತ್ತರದ ದನಿಯಲ್ಲಿ, ನಿಧಾನವಾಗಿ, ಕಿವಿ ಕೇಳದವರಿಗೆ ಹೇಳುವಂತೆ. ಬೀದಿಯ ಸುದ್ದಿ ಅಲ್ಲಿಗೂ ತಲುಪಿತ್ತು. ಸುತ್ತ ನಿಂತವರು ಕನಿಕರದಿಂದ ನಕ್ಕರು.

ಆಮೇಲೆ ಗಂಡ ಒಂದು ಗುಂಡು ಹಾರಿಸಬೇಕಿತ್ತು. ಕೋವಿಯನ್ನು ಭುಜಕ್ಕೆ ತಂದ. ತಂದಾಗಲೇ ಎಲ್ಲೋ ತಪ್ಪಿದಂತೆ ಅವಳ ಕಣ್ಣಿಗೆ ಕಂಡಿತು. ಹೇಳಿ ಮಾಡಿಸಿದ ಕೋವಿಯೆಂದರೆ ಕೋಟಿನ ಹಾಗೆ, ಮೈ ಅಳತೆಗೆ ಕೂರಬೇಕು. ಇದು ಉದ್ದವಾಗಿತ್ತು. ಹಿಡಿಮರದ ತುದಿ ಭುಜದ ಗುಳಿಗೆ ಕೂರದೆ ತೋಳಿನ ಮೇಲೆ ಜಾರಿ ನಿಂತಿತ್ತು. ಕೈ ಚಾಚಿ ಚಾಚಿ ಬೆರಳ ತುದಿ ಮಾತ್ರ ಗುಂಡು ಹಾರಿಸುವ ಕುದುರೆಗೆ ಎಟಕುತ್ತಿತ್ತು.

ಆಗ ಅವಳಿಗೆ ನೆನಪಾಯಿತು. ತಿಂಗಳ ಹಿಂದೆ ಅವನು ಬಂದು, "ಮೊಣಕೈ ಮಡಿಕೆಯಿಂದ ತೋರುಬೆರಳಿನ ತನಕ ಅಳತೆ ತೊಗೊಂಡು ಚೀಟೀಲಿ ಬರೆದುಕೊಡು, ಯಾಕೆ ಅಂತ ಕೇಳ್ಬೇಡ" ಎಂದಿದ್ದ. ಅವನು ಕದ್ದುಮುಚ್ಚಿ ಕೋಟು ಹೊಲಿಸಿಕೊಳ್ಳುತ್ತಿದ್ದಾನೆಂದು ಅವಳು ಒಳಗೊಳಗೇ ನಕ್ಕಿದ್ದಳು. ದರ್ಜಿಯ ಕೈ, ಬಂದ ಅಳತೆಗೆ ಹೊಲಿಗೆಗೆಂದು, ಮಡಿಕೆಗೆಂದು ಒಂದೂವರೆ ಅಂಗುಲ ತಾನಾಗಿ ಸೇರಿಸಿ ಬರೆದಿತ್ತು. ಬಟ್ಟೆಯಾಗಿದ್ದರೆ ಆ ಒಂದೂವರೆ ಅಂಗುಲ ಒಳಕ್ಕೆ ಮಡಚಿ ಹೋಗುತ್ತಿತ್ತು. ಅಕ್ರೋಟು ಮಡಚುವುದಿಲ್ಲ.

ಹೇಳಬಹುದಿತ್ತು. ಬಾಯಿ ತೆರೆದಳು ಕೂಡ. "ಧೈರ್ಯ, ಧೈರ್ಯ" ಎಂದು ಟೀಚರು ಬೆನ್ನು ತಟ್ಟಿದರು. ಬಾಯಿ ಮುಚ್ಚಿಕೊಂಡಳು.

ಢಂ!

ಗುರಿಯ ಹಲಗೆಗೆ ಏನೂ ಆಗಲಿಲ್ಲ. ಅದರ ಹಿಂದಿನ ಮಣ್ಣಿನ ದಿಬ್ಬದಿಂದ ಒಂದು ಹಿಡಿ ಧೂಳೆದ್ದಿತು. ಗಂಡ ಬಲದೋಳು ಹಿಡಿದುಕೊಂಡು ಅರ್ಧ ಸುತ್ತು ತಿರುಗಿ ಕೂತುಬಿಟ್ಟ. ಕೋವಿ ಕತ್ತೆಯ ಹಾಗೆ ಒದ್ದಿತ್ತು. ಆದರೂ ಚಪ್ಪಾಳೆ ಬಿತ್ತು. ಅಧ್ಯಕ್ಷರು ತಟ್ಟಿದರೆ ಎಲ್ಲರೂ ತಟ್ಟುವ ಕ್ಲಬ್ಬು ಅದು.

"ಏನು ಶಕ್ತಿ!" ಎಂದರು ಅಧ್ಯಕ್ಷರು. "ಇಂಥ ಚುಕ್ಕಿ ಕೆಲಸದ ಹಿಡಿಮರ ನನ್ನ ಕೋವಿಗೂ ಒಂದು ಬೇಕು. ಆಗುತ್ತಾ?"

ತೋಳು ನೋವಿಗೆ ಕಣ್ಣಲ್ಲಿ ನೀರು ತುಂಬಿಕೊಂಡೇ ಗಂಡ ನಕ್ಕ. "ಅದಕ್ಕೇನು ಸಾರ್! ಮನೇಲಿ ಮರ ಇನ್ನೂ ಬೇಕಾದಷ್ಟಿದೆ. ಸುಮ್ಮನೆ ಗೋಡೆಗೆ ಒರಗಿಸಿಟ್ಟಿದೀವಿ."

ಅವಳು ಗಂಡನನ್ನು ನೋಡಿದಳು. ಅವಳ ಮುಖ ನೋಡಿ ನಾದಿನಿ ಪಿಸುಗುಟ್ಟಿದಳು: "ಈಗ ಹೋಯ್ತಾ ಅತ್ತಿಗೆ, ಹೆದರಿಕೆ?"

"ಹೋಯ್ತು" ಎಂದಳು ಅವಳು.

ನಾದಿನಿ ಟೀಚರಿಗೆ ಸನ್ನೆ ಮಾಡಿದಳು. ಟೀಚರು ಕಣ್ಣು ಮುಚ್ಚಿ ನಿಟ್ಟುಸಿರುಬಿಟ್ಟರು. ಒಂದು ಸಂಸಾರ ಉಳಿಯಿತಲ್ಲ ಎಂಬ ತೃಪ್ತಿ ಇಬ್ಬರ ಮುಖದಲ್ಲೂ ಇತ್ತು.

ಮಧ್ಯಾಹ್ನ ಮನೆಯ ಮುಂದಿನ ಜಗಲಿಯಲ್ಲಿ ಸಭೆ ಸೇರಿತು. ಗಂಡ ಕುರ್ಚಿಯಲ್ಲಿ ಕೂತು ತೋಳಿನ ನೀಲಿ ಬಾವನ್ನು ಬೀದಿಗೆಲ್ಲ ತೋರಿಸುತ್ತಿದ್ದ. ಯುದ್ಧದಿಂದ ಬಂದವನಿಗೂ ಅಷ್ಟು ಪ್ರಶ್ನೆಗಳು ಬರುತ್ತಿರಲಿಲ್ಲ. ಇನ್ಸ್‌ಪೆಕ್ಟರು ಕೂಡ ದಾರಿಯಲ್ಲಿ ಹೋಗುತ್ತಿದ್ದವರು ಗಾಡಿ ನಿಲ್ಲಿಸಿ ವಿಚಾರಿಸಿದರು. ಒಳಗೆ ಮಾತ್ರ ಬರಲಿಲ್ಲ.

"ಏನೇ, ಆ ನೋವಿನ ಮುಲಾಮು ತೊಗೊಂಬಾ!"

ಅವಳು ಮಲಗುವ ಕೋಣೆಗೆ ಹೋದಳು. ಮುಲಾಮು ಮಂಚದ ತಲೆದೆಸೆಯ ಗೂಡಿನಲ್ಲಿತ್ತು. ತೆಗೆಯಲು ಬಗ್ಗಿದಾಗ ಮೊಣಕೈ ಮಂಚಕ್ಕೆ ಊರಿತು. ಮಂಚ ಅಲುಗಲಿಲ್ಲ.

ಅವಳು ಇನ್ನೊಮ್ಮೆ ಊರಿದಳು, ಈ ಸಲ ಬೇಕೆಂದೇ, ಭಾರ ಬಿಟ್ಟು. ಅಲುಗಲಿಲ್ಲ. ಹಾಸಿಗೆಯ ಅಂಚನ್ನು ಎತ್ತಿ ನೋಡಿದಳು. ಹಲಗೆಗಳು ಒಂದಕ್ಕೊಂದು ಬಿಗಿಯಾಗಿ ಸೇರಿದ್ದವು. ನಡುವೆ ಗುಂಡುಸೂಜಿ ಹೋಗುವಷ್ಟೂ ಸಂದಿಲ್ಲ. ಅಂಗೈಯಿಂದ ಸವರಿದಳು. ನುಣುಪು. ಕೊರಳಲ್ಲಿದ್ದ ಟೇಪು ಇಳಿಸಿ ಹಿಡಿದಳು. ಉದ್ದ ಆರೂಕಾಲು ಅಡಿ, ಅಗಲ ಐದು. ಆ ಮೇಜು ಇದರ ಮುಂದೆ ಮಗು. ಎರಡು ಕೋಟಿನ ಬೆನ್ನು ಒಟ್ಟೊಟ್ಟಿಗೆ ಹಾಸಬಹುದು. ಎತ್ತರ ಮಾತ್ರ ಸಾಲದು; ನಾಲ್ಕು ಕಾಲಿಗೂ ಇಟ್ಟಿಗೆ ಕೊಟ್ಟರೆ ಸೊಂಟದ ಮಟ್ಟಕ್ಕೆ ಬರುತ್ತದೆ. ಬೆಳಕು ಕಿಟಕಿಯಿಂದ ಎಡಗಡೆಗೆ ಬೀಳುತ್ತದೆ, ಬೀಳಬೇಕಾದದ್ದೂ ಅಲ್ಲೇ. ಹಾಸಿಗೆ ಎಲ್ಲಿಗೆ ಹೋಗಬೇಕು ಎಂಬುದನ್ನು ಅದರ ಮೇಲೆ ಮಲಗುವವರು ಯೋಚಿಸಿಕೊಳ್ಳಲಿ.

ಬ್ಯಾಂಡಿಗೆ ಇನ್ನು ಒಂಬತ್ತು ದಿನವಿತ್ತು. ಹನ್ನೆರಡು ಕೋಟು ಕತ್ತರಿಸಲು ಬಾಕಿ. ದಿನಕ್ಕೆ ಎರಡರಂತೆ ಆರು ದಿನ. ಹೊಲಿಗೆಗೆ ಕೈ ಚುರುಕಾದರೆ ಸಾಕು.

"ಎಷ್ಟು ಹೊತ್ತೇ? ಕಾಯ್ತಾ ಇದಾರೆ ಎಲ್ಲರೂ!"

"ಬಂದೆ" ಎಂದಳು. ಹಾಸಿಗೆಯನ್ನು ಮೊದಲಿನಂತೆ ಬಿಟ್ಟು, ಹೊದಿಕೆ ಎಳೆದು ಸರಿಮಾಡಿದಳು. ಮುಲಾಮು ತಂದು ಗಂಡನ ತೋಳಿಗೆ ಹಚ್ಚತೊಡಗಿದಳು. ಅವನು ಗುಂಡು ಹಾರಿದ ಕಥೆಯನ್ನು ಮತ್ತೆ ಮೊದಲಿನಿಂದ ಶುರುಮಾಡಿದ್ದ. ಎಷ್ಟು ಶಾಂತವಾಗಿ ಹಚ್ಚುತ್ತಿದ್ದಾಳೆ ನೋಡಿ ಎಂದು ಟೀಚರು ನಾದಿನಿಯನ್ನು ತಿವಿದರು.

ಅವಳ ಕಣ್ಣು ಕಾಂಪೌಂಡಿನ ಮೂಲೆಗೆ ಹೋಗಿತ್ತು. ಅಲ್ಲಿ ಮಣ್ಣು ಮೆತ್ತಿದ ಇಟ್ಟಿಗೆಗಳ ಒಂದು ಗುಪ್ಪೆ ಇತ್ತು. ಮೇಲಕ್ಕೆ ಏಳು ಕಾಣುತ್ತಿದ್ದವು. ಕೆಳಗೆ ಎಷ್ಟಿವೆಯೋ ಎಲ್ಲರೂ ಹೋದ ಮೇಲೆ ನೋಡಬೇಕಿತ್ತು.